ಗಂಟೆ ಮತ್ತು ಕರೆಗಂಟೆ

ಲಿಫ್ಟಿನಲ್ಲಿ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ಹೊರಗೆ ಗಂಟೆ ಹೊಡೆಯಬೇಕು ಎಂಬ ವಿಷಯದಲ್ಲಿ ನಮ್ಮ ಕಾರ್ಖಾನೆಯಲ್ಲಿ ಎಂದೂ ಭಿನ್ನಾಭಿಪ್ರಾಯ ಇರಲಿಲ್ಲ. ಆ ಗಂಟೆಯನ್ನು ಏನೆಂದು ಕರೆಯಬೇಕು ಎಂಬುದರಲ್ಲಿ ಮಾತ್ರ ಇತ್ತು.

ನಮ್ಮದು ಲಿಫ್ಟುಗಳಿಗೆ ಸರ್ಕ್ಯೂಟ್ ಬೋರ್ಡು ಮಾಡುವ ಕಾರ್ಖಾನೆ. ಮಾಲೀಕರಿಗೆ ಇಬ್ಬರು ಹೆಣ್ಣುಮಕ್ಕಳು. ಆದ್ದರಿಂದ ವಿನ್ಯಾಸ ವಿಭಾಗಗಳೂ ಎರಡು. ಯಾವ ಬಿಡಿಭಾಗ ಯಾವುದಕ್ಕೆ ಸೇರಬೇಕೆಂದು ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ವಿಭಾಗಕ್ಕೆ ಹಿರಿಯಳಿಯ ಮುಖ್ಯಸ್ಥರು. ಆ ನಕ್ಷೆಯಂತೆ ಬೋರ್ಡಿನ ಮೇಲೆ ತಾಮ್ರದ ಗೆರೆ ಎಳೆಯುವ ಲೇಔಟ್ ವಿಭಾಗಕ್ಕೆ ಕಿರಿಯಳಿಯ. ಷಡ್ಡಕರ ಕೋಣೆಗಳ ನಡುವೆ ಗಾಜಿನ ಗೋಡೆಯಿತ್ತು. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಪರದೆ ಹಾಕಿಸಿಕೊಂಡಿದ್ದರು.

ನಕ್ಷೆಗೂ ಲೇಔಟಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದಕ್ಕೆ ಇದ್ದ ಇಂಜಿನಿಯರನ್ನು ನಾವೆಲ್ಲ ತಾಳೆ ಮೇಡಂ ಎನ್ನುತ್ತಿದ್ದೆವು. ಹೊಸ ಬೋರ್ಡನ್ನು ಅವರು ತಾಳೆಗೆ ಹಾಕಿದಾಗ ಕೆಂಪು ಗುರುತು ಬಂತು: ಗುಂಡಿಗೂ ಗಂಟೆಗೂ ಸಂಪರ್ಕವಿಲ್ಲ. ಹುಡುಕಿ ನೋಡಿದರೆ, ಆ ಸಂಪರ್ಕಕ್ಕೆ ನಕ್ಷೆಯಲ್ಲಿ ‘ಗಂಟೆ’ ಎಂದು ಹೆಸರಿತ್ತು. ಕಿರಿಯಳಿಯ ಲೇಔಟಿನಲ್ಲಿ ಅದನ್ನು ‘ಕರೆಗಂಟೆ’ ಎಂದು ತಿದ್ದಿಕೊಂಡಿದ್ದರು. ಹೆಸರು ಬೇರೆಯಾದರೆ ಸಂಪರ್ಕವೂ ಬೇರೆಯೆಂದು ಸಾಫ್ಟ್‌ವೇರ್ ತಿಳಿಯುತ್ತದೆ, ನಡುವೆ ಗೆರೆ ಎಳೆಯಲು ಬಿಡುವುದಿಲ್ಲ. ಸಮಜಾಯಿಷಿ ಹೇಳಿ ಅದನ್ನು ಒಪ್ಪಿಸಲು ಬರುವುದಿಲ್ಲ. ಯಾರಾದರೊಬ್ಬರು ಪದ ಬದಲಿಸಿದರೆ ಸಾಕೆಂದು ಮೇಡಂ ಇಬ್ಬರಿಗೂ ತಿಳಿಸಿದರು.

ನಕ್ಷೆ ಮೊದಲು ಹುಟ್ಟಿದ್ದು, ಮೊದಲು ಹುಟ್ಟಿದ್ದು ಬಗ್ಗುವ ಪದ್ಧತಿಯಿಲ್ಲ ಎಂದರು ಹಿರಿಯಳಿಯ. ಬರೀ ಗಂಟೆ ಎಂದರೆ ಹೊತ್ತೆಷ್ಟಾಯಿತು ಎಂದು ಕೇಳಿದಂತಾಗುತ್ತದೆ, ಸಿಕ್ಕಿಬಿದ್ದವರಿಗೆ ಬೇಕಾದ್ದು ಗಡಿಯಾರವಲ್ಲ ಎಂದರು ಕಿರಿಯಳಿಯ.

ವಿಷಯ ಮಾಲೀಕರಲ್ಲಿಗೆ ಹೋಯಿತು. ಅಡ್ಡಗೋಡೆಯ ಮೇಲೆ ದೀಪವಿಡುವುದರಲ್ಲಿ ಅವರು ಪಳಗಿದವರು. ಒಬ್ಬ ಅಳಿಯನ ಪದ ಉಳಿಸಿದರೆ ಇನ್ನೊಬ್ಬನ ಹೆಂಡತಿ ತವರಿಗೆ ಬರುವುದನ್ನು ಬಿಡುತ್ತಾಳೆ ಎಂದು ಯೋಚಿಸಿ, ಸುತ್ತೋಲೆ ಹೊರಡಿಸಿದರು:

“ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಕಂಪ್ಯೂಟರ್ ಪರದೆಯ ಮೇಲಿನ ಕೆಂಪು ಗುರುತನ್ನು ಇನ್ನು ಮುಂದೆ ದೋಷ ಎನ್ನತಕ್ಕದ್ದಲ್ಲ, ಅಭಿಪ್ರಾಯಭೇದ ಎನ್ನತಕ್ಕದ್ದು. ಸದರಿ ಸಾಫ್ಟ್‌ವೇರ್ ಹೊರಗಿನವರಿಂದ ಕೊಂಡದ್ದಾದ ಕಾರಣ, ಮನೆಯ ಒಳವಿಷಯಗಳಲ್ಲಿ ಅದರ ಮಾತನ್ನು ಪರಿಗಣಿಸಲಾಗದು.”

ತಾಳೆ ಮೇಡಂ ಸುತ್ತೋಲೆ ಹಿಡಿದು ಮಾಲೀಕರ ಕೋಣೆಗೆ ಹೋಗಿ, ಬೋರ್ಡು ಹೀಗೇ ತಯಾರಾದರೆ ಗಂಟೆ ಹೊಡೆಯುವುದಿಲ್ಲ ಎಂದರು.

“ಗುಂಡಿ ಇದೆಯಾ?” ಎಂದು ಮಾಲೀಕರು ಕೇಳಿದರು.

“ಇದೆ ಸಾರ್.”

“ಗಂಟೆ?”

“ಅದೂ ಇದೆ. ಮಧ್ಯೆ ಗೆರೆ ಇಲ್ಲ.”

“ಎರಡು ಸಂಸಾರದ ಮಧ್ಯೆ ಸ್ವಲ್ಪ ಜಾಗ ಇದ್ರೇನೇ ಒಳ್ಳೇದಮ್ಮ,” ಎಂದು ಮಾಲೀಕರು ತಯಾರಿಕೆಗೆ ಸಹಿ ಹಾಕಿದರು.

ಮೊದಲ ಬೋರ್ಡನ್ನು ನಮ್ಮ ಕಟ್ಟಡದ ಲಿಫ್ಟಿಗೇ ಹಾಕಲಾಯಿತು. ಮರುವಾರ ಮಾಲೀಕರ ಹೆಂಡತಿ, ಗಂಡ ಮರೆತುಹೋಗಿದ್ದ ಕನ್ನಡಕ ಕೊಡಲು ಬಂದವರು, ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ಸಿಕ್ಕಿಕೊಂಡರು. ಗುಂಡಿ ಒತ್ತಿದರು. ಆಮೇಲೆ ಬಾಗಿಲು ಬಡಿದರು. ಕಾವಲುಗಾರ ಕೇಳಿಸಿಕೊಂಡ, ಆದರೆ ಗಂಟೆ ಹೊಡೆದ ಮೇಲೆಯೇ ಲಿಫ್ಟ್ ತೆರೆಯಬೇಕೆಂದು ನಿಯಮವಿದ್ದುದರಿಂದ ಎರಡೂ ವಿಭಾಗಗಳಿಗೆ ವರದಿ ಒಪ್ಪಿಸಿದ. ಬಡಿತವನ್ನು ಗಂಟೆ ಎನ್ನಲಾಗದು ಎಂದು ಹಿರಿಯಳಿಯ ಅಭಿಪ್ರಾಯಪಟ್ಟರು. ಕರೆಗಂಟೆ ಆಗದಿರುವುದರಿಂದ ಯಾರೂ ಕರೆದಿಲ್ಲ ಎಂದು ಕಿರಿಯಳಿಯ ದೃಢೀಕರಿಸಿದರು. ಒಳಗಿರುವುದು ತಮ್ಮ ಅತ್ತೆ ಎಂದು ಇಬ್ಬರಿಗೂ ಗೊತ್ತಾಗುವ ಹೊತ್ತಿಗೆ ಬಡಿತ ನಿಂತಿತ್ತು.

ತಾಳೆ ಮೇಡಂ ಯಾರನ್ನೂ ಕೇಳದೆ ಮೆಕ್ಯಾನಿಕ್ಕನ್ನು ಕರೆತಂದು ಬಾಗಿಲು ತೆಗೆಸಿದರು. ಆ ತಾಯಿ ಬೆವರಿ ತೊಯ್ದುಹೋಗಿದ್ದರು, ಕೈಯ ಗೆಣ್ಣುಗಳು ಊದಿಕೊಂಡಿದ್ದವು. ಮೆಟ್ಟಿಲ ಮೇಲೆ ಕೂತು ನೀರು ಕುಡಿದರು. ಅಳಿಯಂದಿರಿಬ್ಬರೂ ಓಡಿಬಂದು, ಒಬ್ಬರು ಎಡದಿಂದ, ಒಬ್ಬರು ಬಲದಿಂದ, ಫೈಲಿನಿಂದ ಗಾಳಿ ಹಾಕತೊಡಗಿದರು.

“ಇದ್ಯಾಕಮ್ಮ ಹೀಗಾಯ್ತು?” ಎಂದು ಆ ತಾಯಿ ಮೇಡಂ ಅವರನ್ನು ಕೇಳಿದರು.

ಮೇಡಂಗೆ ಇಷ್ಟು ದಿನ ಒಂದು ಆಸೆಯಿತ್ತು: ಯಾರಾದರೂ ಒಮ್ಮೆ ಸಿಕ್ಕಿಬಿದ್ದರೆ ಎಲ್ಲ ಸರಿಹೋದೀತು ಎಂದು. ಧೈರ್ಯ ಮಾಡಿ, “ಇವರಿಬ್ಬರಲ್ಲಿ ಒಬ್ಬರು ಒಂದು ಪದ ಬದಲಾಯಿಸಿದ್ರೆ ಸಾಕಿತ್ತಮ್ಮ. ನೀವು ಹೇಳಿದ್ರೆ ಈಗಲೇ ಆಗುತ್ತೆ,” ಎಂದರು.

ಆ ತಾಯಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಇಬ್ಬರು ಹೆಣ್ಣುಮಕ್ಕಳ ಮುಖವೂ ಕಣ್ಣಮುಂದೆ ಬಂದಿರಬೇಕು. ಸೆರಗಿನಿಂದ ಕತ್ತು ಒರೆಸಿಕೊಂಡರು.

“ಅಷ್ಟಕ್ಕೆಲ್ಲಾ ಯಾಕೆ ಬಿಡು. ಮೆಟ್ಟಿಲಿದೆಯಲ್ಲ.”

ಮೇಡಂ ತಮ್ಮ ಜಾಗಕ್ಕೆ ಹೋಗಿ ಕೂತರು. ಆಮೇಲೆ ಕೆಂಪು ಗುರುತಿನ ಪಕ್ಕದಲ್ಲಿದ್ದ ‘ಉಪೇಕ್ಷಿಸು’ ಎಂಬುದನ್ನು ಒತ್ತಿದರು. ಈಗ ಅವರು ಅಭಿಪ್ರಾಯಭೇದ ವಿಭಾಗದ ಮುಖ್ಯಸ್ಥರು. ಅವರ ಕೋಣೆಗೂ ಪರದೆ ಬಂದಿದೆ.

ಬೋರ್ಡು ಅನೇಕ ಕಟ್ಟಡಗಳಿಗೆ ಹೋಗಿದೆ. ಎಲ್ಲಿಯೂ ಒಂದು ಸಲವೂ ಗಂಟೆ ಹೊಡೆದಿಲ್ಲವಾದ್ದರಿಂದ ಎಲ್ಲಿಯೂ ಯಾರೂ ಸಿಕ್ಕಿಬಿದ್ದಿಲ್ಲ ಎಂದು ಎರಡೂ ವಿಭಾಗಗಳು ಜಂಟಿಯಾಗಿ ಪ್ರಕಟಿಸಿವೆ. ಷಡ್ಡಕರು ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಇದೇ ಮೊದಲು. ಆ ಸಂತೋಷಕ್ಕೆ ಮಾಲೀಕರು ಎಲ್ಲರಿಗೂ ಅರ್ಧ ದಿನ ರಜೆ ಕೊಟ್ಟರು. ನಾವು ಚಪ್ಪಾಳೆ ತಟ್ಟಿ, ಮೆಟ್ಟಿಲಿಳಿದು ಮನೆಗೆ ಹೋದೆವು.