ರೊಟ್ಟಿ ಬಡಿತದ ರಾಕ್ ಹಾಡು

ಜಗತ್ಪ್ರಸಿದ್ಧ ರಾಕ್ ಹಾಡೊಂದು ಹುಟ್ಟಿದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ನಮ್ಮ ಕಾಕಾನ ಅಡುಗೆಮನೆಯಲ್ಲಿ! ಹೀಗೆಂದು ಹೇಳಿದ್ದು ಸ್ವತಃ ಕಾಕಾ. ಅಂದಮೇಲೆ ಬೇರೆ ಸಾಕ್ಷಿ ಯಾಕೆ ಬೇಕು?

ಕಾಕಾ ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅರವತ್ತರ ದಶಕದ ಶುರುವಿನಲ್ಲೊಮ್ಮೆ, ಪುಣೆಯ ಗಾಡಿ ತಪ್ಪಿಸಿಕೊಂಡು ಗಿಟಾರ್ ತಬ್ಬಿ ಸ್ಟೇಷನ್ನಿನಲ್ಲಿ ಕೂತಿದ್ದ ಬಿಳಿಯ ತರುಣನೊಬ್ಬನನ್ನು ಊಟಕ್ಕೆ ಕರೆತಂದ. ಒಲೆಯ ಮುಂದೆ ಅವನ ಹೆಂಡತಿ, ನಮ್ಮ ಕಾಕು, ಜೋಳದ ರೊಟ್ಟಿ ಬಡಿಯುತ್ತಿದ್ದಳು. ಟಪ್‌ಟಪ್, ಟಪ್‌ಟಪ್, ಆಮೇಲೆ ಜಾರಿದ ಬಳೆ ಮೇಲೇರಿಸಲು ಚಿಕ್ಕ ವಿರಾಮ, ಮತ್ತೆ ಟಪ್‌ಟಪ್. ಅತಿಥಿ ಖಾರಕ್ಕೆ ಕಣ್ಣು ಮೂಗು ಒರೆಸಿಕೊಳ್ಳುತ್ತಲೇ ಗಿಟಾರಿನ ಹೊಟ್ಟೆಯ ಮೇಲೆ ಅದೇ ತಾಳ ಹಾಕಿದನಂತೆ. ನಾಲ್ಕನೆಯ ರೊಟ್ಟಿಗೆ ಕಾಕಾ ದಿನದಂತೆ, "ಸಾಕು, ಇನ್ನ ನೀ ಊಟಕ್ಕ ಕೂಡು" ಎಂದ. ಕಾಕು ದಿನದಂತೆ ಕೇಳದೆ ಐದನೆಯದನ್ನೂ ತಾಟಿಗೆ ಹಾಕಿದಳು.

ನಾಲ್ಕೈದು ವರ್ಷದ ನಂತರ ಒಂದು ಶನಿವಾರ ಸಂಜೆ ರೇಡಿಯೋದಲ್ಲಿ ಆ ಇಂಗ್ಲಿಷ್ ಹಾಡು ಬಂತು. ಕಾಕಾ ದಿಗ್ಗನೆದ್ದ.

"ಲಗೂ ಬಾ ಇಲ್ಲೆ! ಅಂವ ನಿನ್ನ ರೊಟ್ಟಿ ಸಪ್ಪಳ ಒಯ್ದಾನ!"

ಕಾಕು ತಲೆಯೆತ್ತಲಿಲ್ಲ. "ಸಪ್ಪಳ ಯಾಕ ಒಯ್ದಾನ್ರಿ? ಕೇಳಿದ್ರ ನಾಕು ರೊಟ್ಟಿನ ಕಟ್ಟಿ ಕೊಡತಿದ್ದೆ."

ಹೆಂಡತಿಯ ಕೈಗೆ ಹೆಸರು ಬರಲೇಬೇಕೆಂದು ಕಾಕಾ ಹಟ ಹಿಡಿದ. ಹಾಡು ವಾರವಾರವೂ ಬರುತ್ತಿತ್ತು; ಪ್ರತಿ ಶನಿವಾರ ಓಣಿಯವರಿಗೆಲ್ಲ ಆಮಂತ್ರಣ! ಒಮ್ಮೆಯಂತೂ ರುಜುವಾತಿಗೆಂದು ಹಿಟ್ಟಿನ ಸಮೇತ ಕಾಕುವನ್ನೇ ರೇಡಿಯೋ ಪಕ್ಕ ಕೂರಿಸಿದ. ಡ್ರಮ್ಮು ಓಡಿತು, ಕಾಕು ಬೆನ್ನಟ್ಟಿದಳು, ರೊಟ್ಟಿ ನಡುವೆ ಹರಿಯಿತು. ನಾವು ಬಿದ್ದು ಬಿದ್ದು ನಕ್ಕೆವು. ಕಾಕಾ ಸೋಲುವ ಕುಳವೇ? ಬಾರಿಸುವವನಿಗೆ ಹಿಟ್ಟಿನ ಹದ ಗೊತ್ತಿಲ್ಲವೆಂದು ತೀರ್ಪು ಕೊಟ್ಟ. ಹಾಡಿನ ನಡುವೆ ಡ್ರಮ್ಮು ಒಂದು ಕ್ಷಣ ನಿಂತಿತೋ ಇಲ್ಲವೋ, ಬೆರಳೆತ್ತಿದ: "ನೋಡ್ರಿ, ಬಳಿ ಸರಿಸಿದ್ಲು." ಡ್ರಮ್ಮಿನ ಸಾಹೇಬ ಯಾಕೆ ಬಳೆ ತೊಟ್ಟಾನು ಎಂದು ಕೇಳುವ ಧೈರ್ಯ ಯಾರಿಗಿತ್ತು!

ಆ ವರ್ಷವೇ ಕಾಕು ಜ್ವರಕ್ಕೆ ತೀರಿಕೊಂಡಳು. ಎರಡು ತಿಂಗಳ ಮೇಲೆ ಒಂದು ಶನಿವಾರ ನಾನು ಹೋದಾಗ, ಕಾಕಾ ಖಾನಾವಳಿಯ ರೊಟ್ಟಿ ತಾಟಿನಲ್ಲಿಟ್ಟುಕೊಂಡು ರೇಡಿಯೋ ಮುಂದೆ ಕೂತಿದ್ದ. ಹಾಡು ಬಂತು. ಡ್ರಮ್ಮು ನಿಲ್ಲುವ ಜಾಗದಲ್ಲಿ ಅವನ ಕೈಯ ತುತ್ತೂ ನಿಂತಿತು. ಚೇಷ್ಟೆ ಮಾಡಲು ಹೊರಟಿದ್ದ ನಾನು ಅವನ ಪಕ್ಕ ಕೂತೆ. ಅಷ್ಟು ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಹಾಡು ಮುಗಿಯಿತು. ಕಾಕಾ ಅಡುಗೆಮನೆಯ ಕಡೆ ತಿರುಗಿ ಮೆಲ್ಲಗೆ ಅಂದ:

"ಸಾಕು, ಇನ್ನ ನೀ ಊಟಕ್ಕ ಕೂಡು."