ಕೊಳವೆಗೂ ಕಿವಿಯಿದೆ

ಈ ಬೇಸಿಗೆಗೆ ಮನೆಯೊಳಗೆ ಎಸಿ ಕಾಲಿಡಕೂಡದು ಎಂದು ಕನ್ನಡಕದ ಅಂಗಡಿಯವರು ಶಪಥ ಮಾಡಿದರು. ಊರಿಗೆಲ್ಲ ದೃಷ್ಟಿ ಕೊಡುವವರು; ತಮ್ಮ ದೂರದೃಷ್ಟಿಯ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ.

"ಫ್ಯಾನ್ ಇದೆಯಲ್ರೀ," ಎಂದಳು ಹೆಂಡತಿ.

"ಫ್ಯಾನು ಇರೋ ಬಿಸಿನೇ ಕಲಸಿ ಬಡಿಸುತ್ತೆ. ಭೂಮಿತಾಯಿ ಹಾಗಲ್ಲ, ಆರಡಿ ಕೆಳಗೆ ಯಾವಾಗಲೂ ತಂಪು. ಅದನ್ನ ಕೊಳವೆಯಲ್ಲಿ ಮನೆಗೆ ಕರ್ಕೊಂಡು ಬರೋದಷ್ಟೇ ನಮ್ಮ ಕೆಲಸ. ಪರಿಸರಕ್ಕೂ ಒಳ್ಳೇದು."

ಕರೆತರಲು ಹದಿನೈದು ದಿನ ಹಿಡಿಯಿತು. ಹಿತ್ತಲು ರಣರಂಗವಾಯಿತು, ಅವರ ಸೊಂಟ ಹಿಡಿದುಕೊಂಡಿತು. ಕಡೆಗೂ ಹಿತ್ತಲ ಕಲ್ಲುಬೆಂಚಿನ ಪಕ್ಕದಲ್ಲಿ ಬಾಯಿ ತೆರೆದ ಕೊಳವೆ ನೆಲದಡಿ ಸಾಗಿ ಮಲಗುವ ಕೋಣೆಯ ಗೋಡೆಯಲ್ಲಿ ಹೊರಬಂತು. ಗಾಳಿ ಎಳೆಯಲು ಅಂಗೈಯಗಲದ ಒಂದು ಫ್ಯಾನು. ನಿಜಕ್ಕೂ ತಂಪು ಬಂತು.

ಆ ಮಧ್ಯಾಹ್ನ ಅವರು ಕೋಣೆಯಲ್ಲಿ ಕೊಳವೆಯ ಬಾಯಿಗೆ ತಲೆಯಿಟ್ಟು ಮಲಗಿ ಹೆಂಡತಿಗೆ ಹೇಳಿದರು. "ನಿಮ್ಮಮ್ಮ ಬಂದು ಎರಡು ತಿಂಗಳಾಯ್ತಲ್ಲ. ಅವರ ಮನೆಗೂ ಇಂಥದ್ದೇ ಒಂದು ಹಾಕಿಕೊಡ್ತೀನಿ ಅನ್ನು. ಅಲ್ಲೇ ತಣ್ಣಗಿರಲಿ."

ಗೋಡೆ ಕೆಮ್ಮಿತು.

"ಅಷ್ಟೆಲ್ಲ ಕಷ್ಟ ಯಾಕೆ ಅಳಿಯಂದ್ರೇ? ನಾಳೆ ಬೆಳಗಿನ ಬಸ್ಸಿಗೇ ಹೊರಡ್ತೀನಿ."

ಅತ್ತೆ ಕಲ್ಲುಬೆಂಚಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು.

"ಅಮ್ಮ ಹೋದ್ರೆ ಅದೇ ಬಸ್ಸಲ್ಲಿ ನನಗೂ ಒಂದು ಸೀಟು," ಎಂದು ಹೆಂಡತಿ ಎದ್ದೇ ಹೋದಳು. ಕನ್ನಡಕದವರು ಸೊಂಟ ಹಿಡಿದುಕೊಂಡು ಹಿತ್ತಲಿಗೆ ಓಡಿದರು.

"ತಪ್ಪಾಯ್ತು ಅತ್ತೆ. ನಾಲಿಗೆ ಜಾರಿತು."

"ಜಾರಿದ್ದು ಸೀದಾ ಇಲ್ಲಿಗೇ ಬಂತು," ಎಂದರು ಅತ್ತೆ, ತಲೆಯೆತ್ತದೆ.

ಸಂಜೆಯವರೆಗೆ ಗೋಗರೆದ ಮೇಲೆ ಅತ್ತೆಯ ಮನಸ್ಸು ಕರಗಿತು. "ಇರ್ತೀನಿ. ಆದರೆ ನನ್ನ ವಯಸ್ಸಿಗೆ ಈ ಸೆಕೆ ತಡೆಯೋಲ್ಲಪ್ಪ."

ತಂಪಿನ ಕೋಣೆ ತಾಯಿ ಮಗಳ ಪಾಲಾಯಿತು. ಬಟಾಣಿ ಅಳಿಯಂದಿರ ಪಾಲಾಯಿತು.

ಮರುದಿನ ಭಾನುವಾರ. ಅವರು ಕಲ್ಲುಬೆಂಚಿನ ಮೇಲೆ ಬೆವರುತ್ತ ಅರ್ಧ ಬುಟ್ಟಿ ಸುಲಿದರು. ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಸಿಗರೇಟು ಹಚ್ಚಿದರು. ಎರಡು ದಮ್ಮು ಎಳೆದಿರಬೇಕು, ಕೊಳವೆ ಮಾತಾಡಿತು.

"ಅಳಿಯಂದ್ರೇ, ಆ ಸಿಗರೇಟು ಸ್ವಲ್ಪ ದೂರ ಹೋಗಿ ಸೇದಿ. ಹೊಗೆಯೆಲ್ಲ ಇಲ್ಲಿಗೇ ಬರ್ತಿದೆ."

ಅದರ ಹಿಂದೆಯೇ ಇನ್ನೊಂದು ದನಿ ಕೇಳಿಸಿತು.

"ಯಾವ ಸಿಗರೇಟಮ್ಮಾ? ಅವರು ಬಿಟ್ಟು ಮೂರು ವರ್ಷ ಆಯ್ತಲ್ಲ?"