ನಾಲ್ಕನೇ ತಟ್ಟೆ

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಮೂರನೇ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ, ಚರ್ಚಿನ ಊಟದ ಹಾಲಿನಲ್ಲಿ ಮುದುಕ ಕ್ಲೀಟಸ್ ಆಡಿದ ಒಂದು ಮಾತು ನಾರ್ಬರ್ಟ್ ಹ್ಯೂಸ್‌ಮನ್‌ನ ಹೊಟ್ಟೆಗೆ ಬೆಂಕಿ ಇಟ್ಟಿತು.

"ತಪ್ಪು ತಿಳ್ಕೋಬೇಡ ನಾರ್ಬ್. ಹೈವೇ ಅಂಗಡೀಲಿ ಮೂರು ಡಾಲರಿಗೆ ಪುಟ್ಟ ಮೀನಿನ ಸ್ಯಾಂಡ್‌ವಿಚ್ ಕೊಡ್ತಾರಲ್ಲ, ಅದು ನಿಂದಕ್ಕಿಂತ ವಾಸಿ."

ಶುಕ್ರವಾರ ಮಾಂಸ ಮುಟ್ಟದ ಸಿನ್ಸಿನಾಟಿಯ ಆ ಬಡಾವಣೆಗೆ ಇಪ್ಪತ್ತೆರಡು ವರ್ಷಗಳಿಂದ ಮೀನು ಕರಿದು, ಅಂಗೈಯಗಲದ ಬನ್ನಿನಲ್ಲಿಟ್ಟು ಉಣಿಸಿದವನು ನಾರ್ಬರ್ಟ್. ಏಪ್ರನ್ನಿನ ಎಣ್ಣೆ ಕಲೆಗಳೇ ಅವನ ಪದಕಗಳು.

"ಹೈವೇಲಿ ಅಂಥವು ಮೂರಿವೆ. ಮೂರರದ್ದೂ ತರ್ತೀನಿ. ನನ್ನದರ ಪಕ್ಕ ಇಟ್ಕೊಂಡು ಎಲ್ಲರೆದುರು ತಿನ್ನು. ನಂದು ಸೋತರೆ ಈ ಏಪ್ರನ್ ಬಿಚ್ಚಿ ನಿನ್ನ ಕೊರಳಿಗೆ ಕಟ್ತೀನಿ."

"ನನಗ್ಯಾಕಪ್ಪ? ಒಗೆಯೋರು ಯಾರು?"

ಅಡುಗೆಮನೆಯಿಂದ ಅವನ ಸಹಾಯಕಿ ಡೋರ್ಲೀನ್ ಇಣುಕಿದಳು. "ಈಗ ಹೊರಟೆಯಾ? ಹನ್ನೆರಡಕ್ಕೆ ಜನ ಬರ್ತಾರೆ. ಈ ಕರಿಯೋ ಯಂತ್ರ ನಿನ್ನ ಬಿಟ್ರೆ ಯಾರ ಮಾತೂ ಕೇಳಲ್ಲ."

"ಹತ್ತು ನಿಮಿಷ," ಎಂದವನು ಕಾರು ಹತ್ತಿದ.

ಮೊದಲ ಅಂಗಡಿಯ ಬನ್ನು ಒದ್ದೆ ಸ್ಪಂಜಿನಂತಿತ್ತು. ಎರಡನೆಯದರಲ್ಲಿ ಮೀನು ಸಾಲಗಾರನಂತೆ ಎಲೆಕೋಸಿನ ಹಿಂದೆ ಅಡಗಿತ್ತು. ಮೂರನೆಯದರ ಮುಂದೆ ಹನ್ನೊಂದು ಕಾರುಗಳ ಸಾಲು. ಕೊನೆಗೆ ಕಿಟಕಿ ತಲುಪಿದರೆ, ಒಳಗಿನ ಹುಡುಗಿ, "ಕಾರು ಬದಿಗೆ ಹಾಕಿ ಸರ್. ಈಗಷ್ಟೇ ಒಬ್ಬರು ಒಟ್ಟಿಗೆ ನಲವತ್ತು ತಗೊಂಡು ಹೋದ್ರು. ಇನ್ನೊಂದು ಸಲ ಕರೀಬೇಕು," ಎಂದಳು.

"ನಲವತ್ತು? ಇದನ್ನ? ಈ ಊರಿನ ಜನಕ್ಕೆ ನಾಲಿಗೇನೇ ಇಲ್ವಾ?"

ಅವನು ಮರಳಿದಾಗ ಹನ್ನೆರಡೂವರೆ. ಹಾಲು ತುಂಬಿತ್ತು, ಎಲ್ಲರೂ ತಲೆ ಎತ್ತದೆ ತಿನ್ನುತ್ತಿದ್ದರು. ತಾನು ಕಲಸಿಟ್ಟ ಮೀನನ್ನು ಡೋರ್ಲೀನ್ ಹೇಗೋ ಕರಿದಿದ್ದಾಳೆ ಎಂದುಕೊಂಡ ನಾರ್ಬರ್ಟನ ಎದೆ ಉಬ್ಬಿತು. ತಟ್ಟೆಯಲ್ಲಿ ಚರ್ಚಿನ ಕಾಗದ ಸುತ್ತಿಟ್ಟಿದ್ದ ಸ್ಯಾಂಡ್‌ವಿಚ್ಚೊಂದನ್ನು ಎತ್ತಿಕೊಂಡ.

"ನಾರ್ಬ್, ಒಂದು ಮಾತು..." ಎಂದಳು ಡೋರ್ಲೀನ್.

"ಆಮೇಲೆ."

ಫಾದರ್ ಲೈನಸ್ ಸಾಕ್ಷಿಯಾಗಿ ಕುಳಿತರು. ನಾಲ್ಕು ತಟ್ಟೆ ಸಾಲಾಗಿ ಬಂದವು. ಕ್ಲೀಟಸ್ ಮೊದಲನೆಯದನ್ನು ಕಚ್ಚಿ ಕೆಳಗಿಟ್ಟ. ಎರಡನೆಯದರಲ್ಲಿ ಮೀನು ಹುಡುಕಲು ಕನ್ನಡಕ ಹಾಕಿಕೊಂಡ. ಮೂರನೆಯದನ್ನು ಅಗಿದು ಮುಖ ಹಿಂಡಿದ.

"ನಾನು ಹೊಗಳಿದ್ದು ಇದನ್ನೇ. ಇವತ್ತು ಯಾಕೋ ಬರೀ ಉಪ್ಪು."

ನಾಲ್ಕನೆಯದಕ್ಕೆ ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದ.

"ನಾನೇ ಸೋತೆ ನಾರ್ಬ್. ನಿಂದೇ ಮೇಲು. ಇಪ್ಪತ್ತೆರಡು ವರ್ಷಕ್ಕೆ ಇವತ್ತು ನಿನ್ನ ಕೈಗೆ ಹದ ಸಿಕ್ತು ನೋಡು."

ಚಪ್ಪಾಳೆ ಬಿತ್ತು. ಹೊಗಳಿಕೆಯೋ ಬೈಗುಳವೋ ತಿಳಿಯದೆ ನಾರ್ಬರ್ಟ್ ತಲೆ ಬಾಗಿದ.

"ಮುಂದಿನ ಶುಕ್ರವಾರ ಬಿಷಪ್ ಊಟಕ್ಕೆ ಬರ್ತಾರೆ," ಎಂದರು ಫಾದರ್. "ಇದೇ ರುಚಿ ಇರಲಿ. ಚೂರೂ ಬದಲಾಯಿಸಬೇಡ."

ಅಡುಗೆಮನೆಗೆ ಹೋದ ನಾರ್ಬರ್ಟ್ ಯಂತ್ರ ಮುಟ್ಟಿದ. ತಣ್ಣಗಿತ್ತು. ಕಸದ ಬುಟ್ಟಿಯಲ್ಲಿ ಮೂರನೇ ಅಂಗಡಿಯ ಕಾಗದಗಳು ಅಂಚಿನವರೆಗೆ ತುಂಬಿದ್ದವು.

"ನೀನು ಆ ಕಡೆ ಹೋದೆ, ಇದು ಈ ಕಡೆ ಸತ್ತುಹೋಯ್ತು," ಎಂದಳು ಡೋರ್ಲೀನ್. "ಜನ ಮೇಜು ಕುಟ್ತಿದ್ರು. ಇನ್ನೇನು ಮಾಡ್ಲಿ? ನಲವತ್ತು ತಂದು ನಮ್ಮ ಕಾಗದ ಸುತ್ತಿದೆ."

ನಾರ್ಬರ್ಟನ ಕೈ ತಾನಾಗಿ ಏಪ್ರನ್ನಿನ ಗಂಟಿಗೆ ಹೋಯಿತು.

"ಬಿಷಪ್ ಬರೋ ದಿನಕ್ಕೆ ಆ ಅಂಗಡಿಗೆ ಅರವತ್ತು ಹೇಳ್ಲಾ?" ಎಂದು ಅವಳು ಪಿಸುಗುಟ್ಟುವಷ್ಟರಲ್ಲಿ, ಬಾಗಿಲಲ್ಲಿ ಕ್ಲೀಟಸ್ ಖಾಲಿ ತಟ್ಟೆ ಹಿಡಿದು ನಿಂತಿದ್ದ.

"ಇನ್ನೊಂದು ಕೊಡು ನಾರ್ಬ್. ಆ ಮೂರನೇ ತಟ್ಟೇದು ಬೇಡ. ನಿನ್ನ ಕೈಯದ್ದೇ ಆಗಬೇಕು."